ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ: ಪುಟ್ಟ ಆರ್‌ಎನ್‌ಎಗಳು ಜೀನ್‌ಗಳಿಗೆ ಬೀಗ ಹಾಕುವ ಬಗೆ

ಮಲೇಷ್ಯಾದ ತಾಳೆ ಎಣ್ಣೆ ತೋಟಗಳನ್ನು ದಶಕಗಳ ಕಾಲ ಕಾಡಿದ ಒಂದು ಹಣ್ಣಿದೆ. ನೋಡಿದರೆ ಹಣ್ಣಿಗೆ ಯಾರೋ ಶಾಲು ಹೊದಿಸಿದ ಹಾಗೆ ಕಾಣುತ್ತದೆ. ನಡುವೆ ಒಂದು ಹಣ್ಣು, ಅದರ ಸುತ್ತ ಎಸಳು ಎಸಳಾಗಿ ಇನ್ನೊಂದು ಸುತ್ತು ತಿರುಳು. ಒಳಗೆ ಬೀಜ ಇರುವುದು ಅನುಮಾನ. ಎಷ್ಟೋ ಸಲ ಗೊನೆಯೇ ಕೈಗೆ ಹತ್ತುವುದಿಲ್ಲ, ಎಣ್ಣೆಯ ಮಾತು ದೂರವೇ ಉಳಿಯಿತು.

ಸಿಟ್ಟು ಬರಿಸುವ ವಿಷಯ ಅಂದರೆ, ಈ ಮರಗಳನ್ನು ಅಳೆದು ತೂಗಿ ಆರಿಸಿಯೇ ನೆಟ್ಟಿರುತ್ತಾರೆ. ತೋಟದಲ್ಲೇ ಅತಿ ಹೆಚ್ಚು ಇಳುವರಿ ಕೊಡುವ ಮರ ಹುಡುಕಿ, ಅದರ ಎಳೆ ಎಲೆಯ ಚೂರು ತೆಗೆದು, ಟಿಶ್ಯೂ ಕಲ್ಚರ್ ಮಾಡಿ ಸಸಿ ಎಬ್ಬಿಸುತ್ತಾರೆ. ಎಲ್ಲವೂ ತಾಯಿ ಮರದ ಪಡಿಯಚ್ಚು. ನರ್ಸರಿಯಲ್ಲಿ ಸಸಿ ನೋಡಿ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಹೇಳಲು ಆಗುವುದಿಲ್ಲ. ನೆಟ್ಟು, ಗೊಬ್ಬರ ಹಾಕಿ, ವರ್ಷಗಟ್ಟಲೆ ಕಾದ ಮೇಲೆ ಹಣ್ಣು ಬಿಟ್ಟಾಗಲೇ ಗೊತ್ತಾಗುವುದು. ಡಿಎನ್‌ಎ ಓದಿ ನೋಡಿದರೆ ಅಕ್ಷರಗಳಲ್ಲಿ ತಪ್ಪೇನೂ ಇಲ್ಲ. ಇನ್ನೂ ವಿಚಿತ್ರ ಎಂದರೆ, ಕೆಟ್ಟ ಮರಗಳಲ್ಲಿ ಕೆಲವು ತಾವಾಗಿಯೇ ಸರಿಹೋಗಿ ಮತ್ತೆ ಒಳ್ಳೆಯ ಹಣ್ಣು ಬಿಡುತ್ತವೆ.

ಉತ್ತರ ಸಿಕ್ಕಿದ್ದು 2015ರಲ್ಲಿ. ಅಪರಾಧಿಯ ಹೆಸರು ಕರ್ಮ! ತಮಾಷೆಯಲ್ಲ, ಆ ಡಿಎನ್‌ಎ ತುಣುಕಿಗೆ ವಿಜ್ಞಾನಿಗಳು ಇಟ್ಟಿರುವ ಹೆಸರೇ 'ಕರ್ಮ'. ಅದನ್ನು ಸುಮ್ಮನಿರಿಸಬೇಕಾದ ಪುಟ್ಟ ಆರ್‌ಎನ್‌ಎಗಳು ಟಿಶ್ಯೂ ಕಲ್ಚರ್ ಬಾಟಲಿಯೊಳಗೆ ಕಡಿಮೆಯಾಗಿದ್ದವು. ಹಾಗೆಂದರೆ ಏನು ಅಂತ ತಿಳಿಯಬೇಕಾದರೆ ಮೊದಲು ಜೀವಕೋಶದ ನಡುವಿನ ನ್ಯೂಕ್ಲಿಯಸ್ ಒಳಗೆ ಇಣುಕಬೇಕು.

ನಮ್ಮ ಒಂದು ಜೀವಕೋಶದ ಡಿಎನ್‌ಎಯನ್ನು ಬಿಡಿಸಿ ಉದ್ದಕ್ಕೆ ಹಿಡಿದರೆ ಸುಮಾರು 2 ಮೀಟರ್ ಆಗುತ್ತದೆ. ಅದು ಕೂತಿರುವುದು ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತಲೂ ಚಿಕ್ಕದಾದ ಜಾಗದಲ್ಲಿ. ಹೇಗೆ ಅಂದರೆ, ದಾರವನ್ನು ಉಂಡೆಗೆ ಸುತ್ತಿದ ಹಾಗೆ. ಹಿಸ್ಟೋನ್ ಅನ್ನುವ ಪ್ರೊಟೀನ್‌ಗಳು ಎಂಟೆಂಟು ಸೇರಿ ಒಂದೊಂದು ಉಂಡೆ. ಪ್ರತಿ ಉಂಡೆಗೆ ಡಿಎನ್‌ಎಯ 147 ಅಕ್ಷರದಷ್ಟು ಎಳೆ ಸುತ್ತಿರುತ್ತದೆ. ಈ ದಾರ, ಉಂಡೆ ಎಲ್ಲ ಸೇರಿದ್ದನ್ನು ಕ್ರೊಮ್ಯಾಟಿನ್ ಅನ್ನುತ್ತಾರೆ. ಸುತ್ತು ಸಡಿಲ ಇದ್ದಲ್ಲಿ ಜೀನ್ ಓದಲು ಸಿಗುತ್ತದೆ. ಓದುವುದು ಅಂದರೆ ಜೀನಿನ ಅಕ್ಷರಗಳನ್ನು ಆರ್‌ಎನ್‌ಎ ಅನ್ನುವ ಎಳೆಯಾಗಿ ನಕಲು ಮಾಡುವುದು. ಪ್ರೊಟೀನ್ ಮಾಡಲು ಹೋಗುವ ಸಂದೇಶ ಅಂಥದ್ದೇ ಒಂದು ಆರ್‌ಎನ್‌ಎ. ಬಿಗಿ ಇದ್ದಲ್ಲಿ ಸಿಗುವುದಿಲ್ಲ. ಬಿಗಿ ಮಾಡಬೇಕಾದ ಜಾಗಕ್ಕೆ ಜೀವಕೋಶ ರಾಸಾಯನಿಕ ಗುರುತು ಹಾಕುತ್ತದೆ. ಮಿಥೈಲ್ ಅನ್ನುವ ಚಿಕ್ಕ ಗುಂಪನ್ನು ಹಿಸ್ಟೋನ್ ಬಾಲಕ್ಕೋ, ನೇರವಾಗಿ ಡಿಎನ್‌ಎಗೋ ಅಂಟಿಸುತ್ತದೆ. ಅದೇ ಬೀಗ.

ಬೀಗ ಯಾಕೆ ಬೇಕು? ನಮ್ಮ ಡಿಎನ್‌ಎಯಲ್ಲಿ ಪ್ರೊಟೀನ್ ಮಾಡುವ ಸೂಚನೆ ಇರುವುದು ನೂರಕ್ಕೆ ಎರಡು ಭಾಗಕ್ಕೂ ಕಡಿಮೆ. ಸುಮಾರು ಅರ್ಧದಷ್ಟು, ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ನೆಗೆದು ತನ್ನ ನಕಲು ಮಾಡಿಕೊಳ್ಳುವ ತುಣುಕುಗಳು ಮತ್ತು ಅವುಗಳ ಪಳೆಯುಳಿಕೆ. ಇಂಥ ಜಿಗಿಯುವ ಜೀನ್‌ಗಳನ್ನು ಮುಸುಕಿನ ಜೋಳದ ಬಣ್ಣಬಣ್ಣದ ಕಾಳುಗಳಲ್ಲಿ ಮೊದಲು ಕಂಡುಹಿಡಿದದ್ದು ಬಾರ್ಬರಾ ಮೆಕ್ಲಿಂಟಾಕ್. ಜನ ನಂಬಲು ಬಹಳ ಕಾಲ ಹಿಡಿಯಿತು. ನೊಬೆಲ್ ಬಂದದ್ದು 1983ರಲ್ಲಿ, ಅವರಿಗೆ 81 ವರ್ಷ ಆಗಿದ್ದಾಗ. ಈ ತುಣುಕುಗಳು ಎಚ್ಚರಾಗಿ ಎಲ್ಲೆಂದರಲ್ಲಿ ನೆಗೆದರೆ ಒಳ್ಳೆಯ ಜೀನ್‌ಗಳ ನಡುವೆ ಬಂದು ಕೂರುತ್ತವೆ. ಹಾಗಾಗಿ ಅವುಗಳಿಗೆ ಬೀಗ ಹಾಕಲೇಬೇಕು.

ತೊಡಕು ಬರುವುದು ಇಲ್ಲೇ. ಬೀಗ ಹಾಕುವ ಕಿಣ್ವ ಕುರುಡು. ಹಿಸ್ಟೋನ್ ಬಾಲ ಎಲ್ಲ ಕಡೆ ಒಂದೇ ಥರ ಇರುತ್ತದೆ. ಕೋಟಿಗಟ್ಟಲೆ ಅಕ್ಷರಗಳ ನಡುವೆ 'ಇಲ್ಲಿ ಹಾಕು, ಅಲ್ಲಿ ಹಾಕಬೇಡ' ಅಂತ ಅದಕ್ಕೆ ಯಾರು ಹೇಳಬೇಕು? ವಿಳಾಸ ಬರೆದುಕೊಡುವವರು ಯಾರು?

ಈ ಪ್ರಶ್ನೆಗೆ ಅತಿ ಸೊಗಸಾದ ಉತ್ತರ ಕೊಟ್ಟದ್ದು ಒಂದು ಯೀಸ್ಟ್. ಇಡ್ಲಿಗೂ ಬ್ರೆಡ್ಡಿಗೂ ಸಂಬಂಧ ಇಲ್ಲದ್ದು, ಪೂರ್ವ ಆಫ್ರಿಕಾದ ಕಿರುಧಾನ್ಯದ ಬಿಯರಿನಲ್ಲಿ 1890ರ ದಶಕದಲ್ಲಿ ಸಿಕ್ಕಿದ್ದು. ಅದರ ವೈಜ್ಞಾನಿಕ ಹೆಸರಿನಲ್ಲಿರುವ 'ಪೊಂಬೆ' ಅನ್ನುವುದು ಸ್ವಾಹಿಲಿ ಭಾಷೆಯಲ್ಲಿ ಬಿಯರ್. ಮೂರೇ ಕ್ರೋಮೋಸೋಮ್, ಸುಮಾರು 5000 ಜೀನ್. ಆದರೂ ಕ್ರೊಮ್ಯಾಟಿನ್ ಮುಚ್ಚುವ ವಿಷಯದಲ್ಲಿ ಅದು ನಮ್ಮನ್ನು ತುಂಬಾ ಹೋಲುತ್ತದೆ.

2002ರಲ್ಲಿ ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದಲ್ಲಿ ಟಾಮ್ ವೋಲ್ಪೆ, ರಾಬರ್ಟ್ ಮಾರ್ಟಿಯೆನ್ಸನ್, ಭಾರತ ಮೂಲದ ಶಿವ್ ಗ್ರೆವಾಲ್ ಮತ್ತು ಜೊತೆಗಾರರು ಈ ಯೀಸ್ಟಿನ ಮೂರು ಜೀನ್‌ಗಳನ್ನು ಒಂದೊಂದಾಗಿ ತೆಗೆದುಹಾಕಿ ನೋಡಿದರು. ಆ ಮೂರರ ಹೆಸರು ಅಷ್ಟರಲ್ಲೇ ಪ್ರಸಿದ್ಧವಾಗಿತ್ತು. ಒಂದು ಡೈಸರ್, ಎರಡೆಳೆಯ ಆರ್‌ಎನ್‌ಎಯನ್ನು ಬೀನ್ಸ್ ಹೆಚ್ಚಿದ ಹಾಗೆ ಇಪ್ಪತ್ತು ಚಿಲ್ಲರೆ ಅಕ್ಷರದ ತುಂಡುಗಳಾಗಿ ಕತ್ತರಿಸುವುದು. ಇನ್ನೊಂದು ಆರ್ಗೊನಾಟ್, ಆ ತುಂಡನ್ನು ಹಿಡಿದುಕೊಂಡು ಅದಕ್ಕೆ ಹೊಂದುವ ಸಂದೇಶವನ್ನು ಹುಡುಕುವುದು. ಮೂರನೆಯದು ಒಂದೆಳೆಯ ಆರ್‌ಎನ್‌ಎಗೆ ಎರಡನೇ ಎಳೆ ನೇಯುವ ಕಿಣ್ವ. ನಮ್ಮಲ್ಲಿ ಆರ್ಗೊನಾಟ್ ನಾಲ್ಕಿವೆ. ಒಂದನ್ನು ತೆಗೆದರೆ ಎಷ್ಟೋ ಸಲ ಇನ್ನೊಂದು ಅದರ ಕೆಲಸ ಮಾಡಿಬಿಡುತ್ತದೆ. ಈ ಯೀಸ್ಟಿನಲ್ಲಿ ಪ್ರತಿಯೊಂದೂ ಒಂದೊಂದೇ. ತೆಗೆದರೆ ಮುಗಿಯಿತು, ಬದಲಿ ಇಲ್ಲ. ಅದೃಷ್ಟ ಅಂದರೆ ಇದೇ ಅಲ್ವಾ?

ಆಗ ಎಲ್ಲರೂ ಅಂದುಕೊಂಡಿದ್ದು ಈ ಮೂರರ ಕೆಲಸ ನ್ಯೂಕ್ಲಿಯಸ್ಸಿನ ಹೊರಗೆ ಅಂತ. 1998ರಲ್ಲಿ ಆಂಡ್ರ್ಯೂ ಫೈರ್, ಕ್ರೇಗ್ ಮೆಲ್ಲೊ ತೋರಿಸಿದ್ದು ಅದನ್ನೇ: ಎರಡೆಳೆಯ ಆರ್‌ಎನ್‌ಎ ಹೊಕ್ಕರೆ ಅದಕ್ಕೆ ಹೊಂದುವ ಸಂದೇಶ ನಾಶವಾಗುತ್ತದೆ. ಡಿಎನ್‌ಎಗೆ ಬೀಗ ಬೀಳುವುದಕ್ಕೂ ಇದಕ್ಕೂ ಗಿಡಗಳಲ್ಲಿ ಏನೋ ನಂಟಿದೆ ಅನ್ನುವುದಕ್ಕೆ ಸುಳಿವು ಇತ್ತು. ಯೀಸ್ಟಿನಲ್ಲಿ ಯಾರೂ ನಿರೀಕ್ಷಿಸಿರಲಿಲ್ಲ.

ಪ್ರಯೋಗವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕ್ರೋಮೋಸೋಮಿನ ನಡು, ಅಂದರೆ ಸೆಂಟ್ರೊಮಿಯರ್, ಯಾವಾಗಲೂ ಬಿಗಿಯಾಗಿ ಮುಚ್ಚಿರುವ ಜಾಗ. ಅಲ್ಲಿ ಒಂದೇ ಸಾಲನ್ನು ಮತ್ತೆ ಮತ್ತೆ ಬರೆದ ಹಾಗಿರುವ ಡಿಎನ್‌ಎ ಇದೆ. ಅದರ ಮಧ್ಯೆ 'ಯುರಾ4' ಅನ್ನುವ ಜೀನ್ ತೂರಿಸಿ ಇಟ್ಟಿರುತ್ತಾರೆ. ಈ ಜೀನ್ ಎಚ್ಚರ ಇರುವ ಕೋಶವನ್ನು ಎಫ್‌ಒಎ ಅನ್ನುವ ರಾಸಾಯನಿಕ ಬೆರೆಸಿದ ತಟ್ಟೆಯ ಮೇಲೆ ಬಿಟ್ಟರೆ ಸಾಯುತ್ತದೆ. ಜೀನ್ ಮುಚ್ಚಿದ್ದರೆ ಬದುಕುತ್ತದೆ. ಎಷ್ಟು ಸರಳ ನೋಡಿ. ಮಾಮೂಲು ಯೀಸ್ಟ್ ತಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಬೆಳೆಯುತ್ತದೆ. ಡೈಸರ್ ಇಲ್ಲದ್ದು, ಆರ್ಗೊನಾಟ್ ಇಲ್ಲದ್ದು ಸಾಯುತ್ತವೆ. ಬೀಗ ಬಿಚ್ಚಿದೆ ಅಂತ ಅರ್ಥ. ಹಿಸ್ಟೋನ್ ನೋಡಿದರೆ ಅಲ್ಲಿ ಇರಬೇಕಾದ ಮಿಥೈಲ್ ಗುರುತು ಹೋಗಿದೆ. ಅದೇ ವರ್ಷ ಬ್ರೆಂಡಾ ರೈನ್‌ಹಾರ್ಟ್ ಮತ್ತು ಡೇವಿಡ್ ಬಾರ್ಟೆಲ್ ಈ ಸೆಂಟ್ರೊಮಿಯರಿನ ಸಾಲುಗಳಿಗೆ ಹೊಂದುವ ಪುಟ್ಟ ಆರ್‌ಎನ್‌ಎಗಳನ್ನೇ ಹಿಡಿದು ತೋರಿಸಿದರು. ಸೈನ್ಸ್ ಪತ್ರಿಕೆ ಆ ವರ್ಷದ ಅತಿ ದೊಡ್ಡ ಸಾಧನೆ ಅಂತ ಪುಟ್ಟ ಆರ್‌ಎನ್‌ಎಗಳನ್ನೇ ಆರಿಸಿತು.

ಸರಿ, ಆದರೆ ಇಲ್ಲೊಂದು ಒಗಟು. ಆ ಪುಟ್ಟ ಆರ್‌ಎನ್‌ಎ ಎಲ್ಲಿಂದ ಬಂತು? ಅದೇ ಮುಚ್ಚಿದ ಜಾಗದಿಂದ. ಮುಚ್ಚಿದ್ದರೆ ಓದಲು ಆಗಬಾರದು, ಓದದಿದ್ದರೆ ಆರ್‌ಎನ್‌ಎ ಹುಟ್ಟಬಾರದು. ಅಂದರೆ ಬಾಯಿ ಮುಚ್ಚಿಸಬೇಕಾದರೆ ಮೊದಲು ಬಾಯಿ ಬಿಡಿಸಬೇಕು.

ನಿಜಕ್ಕೂ ನಡೆಯುವುದು ಹಾಗೆಯೇ. ಜೀವಕೋಶ ಎರಡಾಗುವ ಮುನ್ನ ಡಿಎನ್‌ಎಯ ನಕಲು ಆಗುತ್ತದಲ್ಲ, ಆ ಹೊತ್ತಿನಲ್ಲಿ ಬಿಗಿ ಕೊಂಚ ಸಡಿಲವಾಗುತ್ತದೆ. ಆಗ ಓದುವ ಯಂತ್ರ ಒಳನುಗ್ಗಿ ಒಂದಷ್ಟು ಓದಿಬಿಡುತ್ತದೆ. ಆ ಆರ್‌ಎನ್‌ಎಗೆ ಎರಡನೇ ಎಳೆ ನೇಯ್ದು, ಡೈಸರ್ ಕತ್ತರಿಸಿ, ಆರ್ಗೊನಾಟ್ ಕೈಗೆ ಕೊಡುತ್ತಾರೆ. ಆರ್ಗೊನಾಟ್ ಆ ತುಂಡು ಹಿಡಿದು ವಾಪಸ್ ಅದೇ ಜಾಗಕ್ಕೆ ಬರುತ್ತದೆ. ಅಲ್ಲಿ ಆಗತಾನೇ ಹೊರಬರುತ್ತಿರುವ ಆರ್‌ಎನ್‌ಎಗೆ ತನ್ನ ತುಂಡನ್ನು ಹೊಂದಿಸಿ ಕೂರುತ್ತದೆ. ಅದರ ಬೆನ್ನಿಗೆ ಮಿಥೈಲ್ ಅಂಟಿಸುವ ಕಿಣ್ವ ಬರುತ್ತದೆ. ಬೀಗ ಬಿತ್ತು!

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆ ಇದೆಯಲ್ಲ, ಇದೂ ಅದೇ. ಕಳ್ಳರ ಪಟ್ಟಿಯನ್ನು ಜೀವಕೋಶ ಎಲ್ಲೂ ಮೊದಲೇ ಬರೆದಿಟ್ಟಿಲ್ಲ. ಕಳ್ಳ ತಾನೇ ಬಾಯಿಬಿಟ್ಟು ವಿಳಾಸ ಕೊಡುತ್ತಾನೆ. ಈ ಇಡೀ ವಿಷಯದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದೇ. 'ಮುಚ್ಚಿದ ಜೀನ್' ಅನ್ನುವಾಗ ನಾವು ಸತ್ತ ಜಾಗವನ್ನು ಕಲ್ಪಿಸಿಕೊಳ್ಳುತ್ತೇವೆ. ಆದರೆ ಅಲ್ಲಿ ಪಿಸುಮಾತು ನಿಂತರೆ ಬೀಗವೂ ಹೋಗುತ್ತದೆ.

2004ರಲ್ಲಿ ಹಾರ್ವರ್ಡಿನ ಡಾನೆಶ್ ಮೋಅಝೆಡ್ ತಂಡ ಈ ಯಂತ್ರವನ್ನು ಬಿಡಿಸಿ ನೋಡಿತು. ಅದರಲ್ಲಿ ಆರ್ಗೊನಾಟ್ ಜೊತೆ ಇನ್ನೊಂದು ಪ್ರೊಟೀನ್ ಇದೆ. ಅದು ಈಗಾಗಲೇ ಬಿದ್ದಿರುವ ಮಿಥೈಲ್ ಗುರುತನ್ನು ಹಿಡಿಯುತ್ತದೆ. ಒಂದು ಕೈಯಲ್ಲಿ ಆರ್‌ಎನ್‌ಎ, ಇನ್ನೊಂದು ಕೈಯಲ್ಲಿ ಹಳೇ ಗುರುತು. ಆರ್‌ಎನ್‌ಎ ಇದ್ದರೆ ಗುರುತು, ಗುರುತಿದ್ದರೆ ಇನ್ನಷ್ಟು ಆರ್‌ಎನ್‌ಎ. ಹೀಗೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಬೀಗ ದಾಟುತ್ತಾ ಹೋಗುತ್ತದೆ. ಡಿಎನ್‌ಎಯ ಒಂದು ಅಕ್ಷರವೂ ಬದಲಾಗದೆ ನೆನಪು ಉಳಿಯುತ್ತದೆ.

ಗಿಡಗಳು ಇದನ್ನು ಇನ್ನೂ ಗಂಭೀರವಾಗಿ ತೆಗೆದುಕೊಂಡಿವೆ. ಮುಚ್ಚಿದ ಜಾಗದಲ್ಲಿ ಪಿಸುಮಾತು ಆಡಿಸುವುದಕ್ಕೆಂದೇ ಅವುಗಳ ಬಳಿ ಬೇರೆ ಎರಡು ಯಂತ್ರಗಳಿವೆ. ಆರ್‌ಎನ್‌ಎ ಪಾಲಿಮರೇಸ್ ನಾಲ್ಕು ಮತ್ತು ಐದು. ಪ್ರಾಣಿಗಳಲ್ಲಿ ಇವು ಇಲ್ಲ. ನಾಲ್ಕನೆಯದು ಓದಿದ್ದು 24 ಅಕ್ಷರದ ತುಂಡುಗಳಾಗುತ್ತದೆ. ಐದನೆಯದು ಓದಿದ್ದು ಆ ತುಂಡುಗಳು ಬಂದು ಕೂರುವ ಜಗಲಿ. ಕೊನೆಗೆ ಡಿಎನ್‌ಎ ಮೇಲೆಯೇ ಮಿಥೈಲ್ ಬೀಳುತ್ತದೆ. ಸಾಸಿವೆಯ ಬಳಗದ ಅರಾಬಿಡಾಪ್ಸಿಸ್ ಗಿಡದಲ್ಲಿ ಈ ವ್ಯವಸ್ಥೆ ಕೆಡಿಸಿದರೂ ಗಿಡ ಹೆಚ್ಚುಕಮ್ಮಿ ಆರಾಮಾಗಿರುತ್ತದೆ. ಭತ್ತದಲ್ಲಿ ಹಾಗಲ್ಲ, ಗಿಡಕ್ಕೆ ಜಾಸ್ತಿಯೇ ಪೆಟ್ಟು ಬೀಳುತ್ತದೆ. ಹಾಗಾಗಿ ಪ್ರಯೋಗಾಲಯದ ಮುದ್ದಿನ ಗಿಡದಲ್ಲಿ ಕಲಿತದ್ದನ್ನು ಗದ್ದೆಗೆ ಹಾಗೇ ಎತ್ತಿಹಾಕಲು ಆಗುವುದಿಲ್ಲ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ, ಅಂದರೆ ಎನ್‌ಸಿಬಿಎಸ್‌ನಲ್ಲಿ, ಭತ್ತದ ಪುಟ್ಟ ಆರ್‌ಎನ್‌ಎಗಳ ಮೇಲೆಯೇ ಕೆಲಸ ನಡೆಯುತ್ತಿರುವುದಕ್ಕೆ ಅದಕ್ಕೇ ಬೆಲೆ.

ಈಗ ತಾಳೆ ಮರಕ್ಕೆ ವಾಪಸ್ ಬರೋಣ. ಕರ್ಮ ಅನ್ನುವುದು ಒಂದು ಜಿಗಿಯುವ ಜೀನ್. ಎಣ್ಣೆ ತಾಳೆಯಲ್ಲಿ ಅದು ಹೂವಿನ ಅಂಗಗಳನ್ನು ರೂಪಿಸುವ ಒಂದು ಜೀನಿನ ಹೊಟ್ಟೆಯೊಳಗೇ ಕೂತಿದೆ. ಅದರ ಮೇಲೆ ಮಿಥೈಲ್ ದಟ್ಟವಾಗಿ ಇರುವ ತನಕ ತೊಂದರೆಯಿಲ್ಲ. ಜೀವಕೋಶ ಅದನ್ನು ದಾಟಿಕೊಂಡು ಜೀನನ್ನು ಪೂರ್ತಿ ಓದುತ್ತದೆ. ಟಿಶ್ಯೂ ಕಲ್ಚರಿನಲ್ಲಿ ಕೋಶಗಳು ಹಾರ್ಮೋನ್ ಕುಡಿದು ರೂಪವಿಲ್ಲದ ಮುದ್ದೆಯಾಗಿ ತಿಂಗಳುಗಟ್ಟಲೆ ಬೆಳೆಯುತ್ತವೆ. ಆಗ ಕೆಲವು ಕೋಶಗಳಲ್ಲಿ ಕರ್ಮದ ಪುಟ್ಟ ಆರ್‌ಎನ್‌ಎ ಕಡಿಮೆಯಾಗುತ್ತದೆ, ಮಿಥೈಲ್ ಉದುರುತ್ತದೆ. ಸಂದೇಶವನ್ನು ಕತ್ತರಿಸಿ ಜೋಡಿಸುವ ಯಂತ್ರ ಕರ್ಮದ ಒಳಗಿನ ಒಂದು ಗುರುತನ್ನು ನೋಡಿ ಮೋಸಹೋಗಿ ಅಲ್ಲೇ ಕತ್ತರಿ ಹಾಕುತ್ತದೆ. ಸಂದೇಶ ಮೊಟಕು. ಹೂವಿನ ಒಂದು ಅಂಗ ಆಗಬೇಕಾದದ್ದು ಇನ್ನೊಂದಾಗುತ್ತದೆ. ಶಾಲು ಹೊದ್ದ ಹಣ್ಣು ಹುಟ್ಟುವುದು ಹೀಗೆ. ಮರ ತಾನಾಗಿ ಸರಿಹೋದದ್ದು ಯಾಕೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ: ಮಿಥೈಲ್ ವಾಪಸ್ ಬಂತು.

ಸಂಶೋಧಕರು ಇವನ್ನು 'ಗುಡ್ ಕರ್ಮ', 'ಬ್ಯಾಡ್ ಕರ್ಮ' ಅಂತಲೇ ಕರೆದರು. ಹೆಸರಿಗಿಂತ ಉಪಯೋಗ ದೊಡ್ಡದು. ಈಗ ಸಸಿಯ ಎಲೆಯ ಚೂರಿನಲ್ಲೇ ಮಿಥೈಲ್ ಅಳೆದು, ಯಾವುದನ್ನು ನೆಡಬಾರದು ಅಂತ ಮೊದಲೇ ಹೇಳಬಹುದು. ನಮ್ಮಲ್ಲಿ ಟಿಶ್ಯೂ ಕಲ್ಚರ್ ಬಾಳೆ ಎಷ್ಟು ಹಬ್ಬಿದೆ ಅಂತ ಗೊತ್ತೇ ಇದೆ. ಅಲ್ಲೂ ಸಾಲಿನಲ್ಲೊಂದು ಗಿಡ ಉಳಿದವುಗಳ ಹಾಗಿರುವುದಿಲ್ಲ. ಎಲ್ಲವಕ್ಕೂ ಇದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ 'ಪಡಿಯಚ್ಚು' ಅನ್ನುವ ಮಾತು ಅಕ್ಷರಕ್ಕೆ ಮಾತ್ರ ನಿಜ, ಬೀಗಗಳಿಗೆ ಅಲ್ಲ.

ಪ್ರಾಣಿಗಳಲ್ಲಿ ಈ ಕತೆ ಗಟ್ಟಿಯಾಗಿ ನಿಲ್ಲುವುದು ಮೊಟ್ಟೆ, ವೀರ್ಯ ತಯಾರಾಗುವ ಜಾಗದಲ್ಲಿ. ಹಣ್ಣಿನ ನೊಣದ ಒಂದು ಹಳೇ ಗೋಜಲು ಕೇಳಿ. 1970ರ ದಶಕದಲ್ಲಿ ಕಂಡದ್ದು. ಕಾಡಿನ ಗಂಡು ನೊಣಕ್ಕೂ ಪ್ರಯೋಗಾಲಯದ ಹೆಣ್ಣಿಗೂ ಜೋಡಿ ಮಾಡಿದರೆ ಮರಿಗಳು ಬಂಜೆ. ಕಾಡಿನ ಹೆಣ್ಣು, ಪ್ರಯೋಗಾಲಯದ ಗಂಡು ಆದರೆ ಮರಿಗಳು ಸರಿಯಾಗಿರುತ್ತವೆ. ಕಾಡಿನ ನೊಣದಲ್ಲಿ ಒಂದು ಜಿಗಿಯುವ ಜೀನ್ ಇದೆ, ಪ್ರಯೋಗಾಲಯದ್ದರಲ್ಲಿ ಇಲ್ಲ. ಆದರೆ ಎರಡು ಜೋಡಿಯಲ್ಲೂ ಮರಿಗೆ ಸಿಕ್ಕ ಜಿಗಿಯುವ ಜೀನ್ ಒಂದೇ. ಹಾಗಾದರೆ ವ್ಯತ್ಯಾಸ ಎಲ್ಲಿ? ತಾಯಿ ಮೊಟ್ಟೆಯೊಳಗೆ ಕಟ್ಟಿಕೊಡುವ ಬುತ್ತಿಯಲ್ಲಿ. ಆ ಬುತ್ತಿಯಲ್ಲಿ ಪೈಆರ್‌ಎನ್‌ಎ ಅನ್ನುವ, ಡೈಸರಿನ ತುಂಡುಗಳಿಗಿಂತ ಕೊಂಚ ಉದ್ದದ ಆರ್‌ಎನ್‌ಎಗಳಿರುತ್ತವೆ. ಆ ಜಿಗಿಯುವ ಜೀನನ್ನು ಕಂಡಿರುವ ತಾಯಿ ಅದರ ವಿಳಾಸವನ್ನೂ ಕಟ್ಟಿಕೊಡುತ್ತಾಳೆ. ಕಾಣದ ತಾಯಿ ಕೊಡಲು ಆಗುವುದಿಲ್ಲ. ಅಪ್ಪನ ಕಡೆಯಿಂದ ಕಳ್ಳ ಬಂದ, ವಿಳಾಸ ಬರಲಿಲ್ಲ. ಬುತ್ತಿಯಲ್ಲಿ ಇದ್ದದ್ದು ಏನು ಅಂತ 2008ರಲ್ಲಿ ಬಯಲಾಯಿತು. ಇಲಿಗಳ ಗಂಡು ಭ್ರೂಣದಲ್ಲೂ ಇದೇ ಥರ: ಹಳೇ ಮಿಥೈಲ್ ಅಳಿಸಿಹೋಗುತ್ತದೆ, ಜಿಗಿಯುವ ಜೀನ್‌ಗಳು ಎಚ್ಚರಾಗಿ ಗದ್ದಲ ಶುರುಮಾಡುತ್ತವೆ, ಆ ಗದ್ದಲದಿಂದಲೇ ಪೈಆರ್‌ಎನ್‌ಎ ಮಾಡಿ ಹುಟ್ಟುವ ಮುನ್ನ ಹೊಸ ಬೀಗ ಹಾಕಲಾಗುತ್ತದೆ. ಈ ಕೆಲಸದ ಮುಖ್ಯ ಪ್ರೊಟೀನ್ ತೆಗೆದರೆ ಗಂಡಿಲಿ ಬಂಜೆ.

'ತಾಯಿ ಕಟ್ಟಿಕೊಡುವ ಬುತ್ತಿ' ಅಂದ ಕೂಡಲೇ ಎಪಿಜೆನೆಟಿಕ್ಸ್, ಅಂದರೆ ಅಕ್ಷರ ಬದಲಾಗದೆ ಬೀಗ ಬದಲಾಗುವ ವಿಷಯ, ಅದರ ಹೆಸರಲ್ಲಿ ವಾಟ್ಸಾಪ್‌ನಲ್ಲಿ ಓಡಾಡುವ ಸಂದೇಶಗಳು ನೆನಪಾಗಬಹುದು. ಗರ್ಭಿಣಿ ಇಂಥದ್ದು ಕೇಳಿದರೆ ಮಗುವಿನ ಜೀನ್ ಹಾಗೆ ಬದಲಾಗುತ್ತದೆ, ಈ ಪುಡಿ ತಿಂದರೆ ಜೀನ್ ಬೀಗ ತೆರೆಯುತ್ತದೆ ಅಂತೆಲ್ಲ. ನೊಣದ ಪ್ರಯೋಗ ಅಂಥ ಯಾವುದಕ್ಕೂ ಸಾಕ್ಷಿ ಹೇಳುವುದಿಲ್ಲ. ಅದು ಒಂದು ಜಾತಿಯ ಜಿಗಿಯುವ ಜೀನಿನ ವಿಷಯ, ಅಷ್ಟೇ.

ಹಾಗಾದರೆ ನಮ್ಮ ಲಿವರ್, ಚರ್ಮ, ಮಿದುಳಿನ ಕೋಶಗಳಲ್ಲೂ ಪುಟ್ಟ ಆರ್‌ಎನ್‌ಎ ಹೀಗೆ ಬೀಗ ಹಾಕುತ್ತದೆಯೇ? ಇಲ್ಲಿ ಎಚ್ಚರಿಕೆ ಬೇಕು. 2004ರಲ್ಲಿ ಮನುಷ್ಯ ಕೋಶಗಳಲ್ಲಿ ಚಿಕ್ಕ ಆರ್‌ಎನ್‌ಎ ಹಾಕಿ ಡಿಎನ್‌ಎಗೆ ಮಿಥೈಲ್ ಅಂಟಿಸಿದೆವು ಅಂತ ಜಪಾನಿನ ಒಂದು ಪ್ರಬಂಧ ನೇಚರ್ ಪತ್ರಿಕೆಯಲ್ಲಿ ಬಂತು. 2006ರಲ್ಲಿ ಅದನ್ನು ಹಿಂದಕ್ಕೆ ಪಡೆಯಬೇಕಾಯಿತು. ಆಮೇಲೆ ಬೇರೆಯವರು ಒಂದೊಂದು ಜೀನಿನಲ್ಲಿ ಇಂಥ ಪರಿಣಾಮ ಕಂಡಿದ್ದೇವೆ ಅಂದಿದ್ದಾರೆ. ಆದರೆ ಯೀಸ್ಟ್, ಗಿಡಗಳಲ್ಲಿ ಇರುವಷ್ಟು ಗಟ್ಟಿ ಸಾಕ್ಷಿ ಇಲ್ಲ. ಯೀಸ್ಟಿನ ಕತೆಯನ್ನು ಮನುಷ್ಯನ ಮೈಗೆಲ್ಲ ಹಬ್ಬಿಸುವುದು ಅವಸರ ಅನ್ನುವುದು ನನ್ನ ಅಭಿಪ್ರಾಯ.

ಔಷಧಿಯ ವಿಷಯದಲ್ಲಿ ಈ ವ್ಯತ್ಯಾಸ ಮುಖ್ಯ. ಪುಟ್ಟ ಆರ್‌ಎನ್‌ಎ ಔಷಧಿಗಳು ಈಗಾಗಲೇ ಇವೆ. ಮೊದಲನೆಯದಾದ ಪ್ಯಾಟಿಸಿರಾನ್‌ಗೆ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕೆಟ್ಟ ಕೊಲೆಸ್ಟರಾಲ್ ಇಳಿಸುವ ಇನ್‌ಕ್ಲಿಸಿರಾನ್ ಪಿಸಿಎಸ್‌ಕೆ9 ಅನ್ನುವ ಜೀನಿನ ಸಂದೇಶವನ್ನು ಲಿವರಿನಲ್ಲಿ ಕತ್ತರಿಸುತ್ತದೆ. ಇವೆಲ್ಲ ಕೆಲಸ ಮಾಡುವುದು ನ್ಯೂಕ್ಲಿಯಸ್ಸಿನ ಹೊರಗೆ. ಜೀನ್ ಮತ್ತೆ ಮತ್ತೆ ಸಂದೇಶ ಕಳಿಸುತ್ತಲೇ ಇರುತ್ತದೆ, ಔಷಧಿ ಕತ್ತರಿಸುತ್ತಲೇ ಇರಬೇಕು. ಹಾಗಾಗಿ ಶುರುವಿನ ಎರಡು ಡೋಸ್ ಆದಮೇಲೆ ಆರು ತಿಂಗಳಿಗೊಮ್ಮೆ ಇಂಜೆಕ್ಷನ್. ಅದೇ ಜೀನಿಗೆ ಬೀಗವನ್ನೇ ಹಾಕಿದರೆ? ಇಟಲಿಯ ಮಿಲಾನಿನ ಏಂಜೆಲೊ ಲೊಂಬಾರ್ಡೊ ತಂಡ 2024ರಲ್ಲಿ ಇಲಿಗಳಲ್ಲಿ ಅದನ್ನು ಮಾಡಿತು. ಒಂದೇ ಡೋಸ್. ರಕ್ತದಲ್ಲಿ ಆ ಜೀನಿನ ಪ್ರೊಟೀನ್ ಹೆಚ್ಚುಕಮ್ಮಿ ಅರ್ಧಕ್ಕಿಳಿದು, ಸುಮಾರು ಒಂದು ವರ್ಷ ಹಾಗೇ ಉಳಿಯಿತು. ಆದರೆ ಗಮನಿಸಿ, ಅವರು ವಿಳಾಸಕ್ಕೆ ಬಳಸಿದ್ದು ಪುಟ್ಟ ಆರ್‌ಎನ್‌ಎ ಅಲ್ಲ, ಬೇಕೆಂದೇ ರೂಪಿಸಿದ ಪ್ರೊಟೀನ್. ಬೇರೆ ತಂಡಗಳು ಜೀನ್ ತಿದ್ದುವ ಕ್ರಿಸ್ಪರ್ ತಂತ್ರದಿಂದ ಎರವಲು ಪಡೆದ ಸುಮಾರು 20 ಅಕ್ಷರದ ವಿಳಾಸ ಬಳಸುತ್ತಿವೆ. ವಿಳಾಸ ಒಬ್ಬರದು, ಬೀಗ ಇನ್ನೊಬ್ಬರದು ಅನ್ನುವ ಆ ಏರ್ಪಾಡು ಮಾತ್ರ ಯೀಸ್ಟಿನಲ್ಲಿ ಕಂಡದ್ದೇ.

ಬೀಗ ಹಾಕಲು ನಮಗಷ್ಟೇ ಅಲ್ಲ, ಯೀಸ್ಟಿನಂಥ ಶಿಲೀಂಧ್ರಗಳಿಗೂ ಬರುತ್ತದೆ. ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಇದು. 2020ರಲ್ಲಿ ಎಡಿನ್‌ಬರೋದ ರಾಬಿನ್ ಆಲ್‌ಷೈರ್ ತಂಡ ಅದೇ ಪೊಂಬೆ ಯೀಸ್ಟನ್ನು ಕೆಫೀನ್ ಇರುವ ತಟ್ಟೆಯಲ್ಲಿ ಬೆಳೆಸಿತು. ನಾವು ದಿನಾ ಬೆಳಗ್ಗೆ ಕುಡಿಯುವ ಕೆಫೀನೇ, ಆದರೆ ಯೀಸ್ಟಿಗೆ ಆ ಪ್ರಮಾಣ ವಿಷ. ಬಹುತೇಕ ಸತ್ತವು, ಕೆಲವು ಬದುಕಿದವು. ಬದುಕಿದವನ್ನು ಕೆಫೀನ್ ಇಲ್ಲದೆ ಬೆಳೆಸಿದಾಗ ಎಷ್ಟೋ ಕೋಶಗಳು ಆ ತಾಕತ್ತನ್ನು ಕಳೆದುಕೊಂಡವು. ಡಿಎನ್‌ಎ ಬದಲಾಗಿದ್ದರೆ ಹೀಗೆ ಸಲೀಸಾಗಿ ಹೋಗುವುದಿಲ್ಲ. ಅವುಗಳಲ್ಲಿ ಹಿಸ್ಟೋನ್ ಮೇಲಿನ ಆ ಮಿಥೈಲ್ ಬೀಗ, ಹಿಂದೆಂದೂ ಇಲ್ಲದ ಜೀನ್‌ಗಳ ಮೇಲೆ ಬಿದ್ದಿತ್ತು. ಕಷ್ಟಕಾಲಕ್ಕೆ ಬಾಗಿಲು ಹಾಕಿಕೊಂಡು, ಕಾಲ ಸರಿದ ಮೇಲೆ ತೆರೆದುಕೊಂಡವು.

ಈ ಯೀಸ್ಟ್‌ಗಳು ಕೆಫೀನನ್ನು ಮಾತ್ರ ತಡೆದುಕೊಳ್ಳಲಿಲ್ಲ. ತಾವು ಯಾವತ್ತೂ ಕಂಡಿರದ ಶಿಲೀಂಧ್ರನಾಶಕಗಳನ್ನೂ ತಡೆದುಕೊಂಡವು. ಚರ್ಮದ ಹುಳುಕಡ್ಡಿಗೆ ಹಚ್ಚುವ ಮುಲಾಮಿನಲ್ಲೂ, ಮಲೆನಾಡಿನ ಅಡಿಕೆ ತೋಟದಲ್ಲಿ ಎಲೆಚುಕ್ಕಿ ರೋಗಕ್ಕೆ ಹೊಡೆಯುವ ಔಷಧಿಯಲ್ಲೂ ಇರುವ ಅಜೋಲ್ ಗುಂಪು ಅದರಲ್ಲಿ ಸೇರಿದೆ. ರೋಗ ತರುವ ಶಿಲೀಂಧ್ರಗಳು ತೋಟದಲ್ಲೋ ಆಸ್ಪತ್ರೆಯಲ್ಲೋ ಹೀಗೇ ಮಾಡುತ್ತಿವೆಯೇ ಅನ್ನುವುದು ಬೇರೆ ಮಾತು, ಅದನ್ನು ಅಲ್ಲಲ್ಲೇ ಹುಡುಕಿ ನೋಡಬೇಕು. ಆದರೆ ಹುಡುಕುವ ಕ್ರಮದಲ್ಲೇ ಒಂದು ತೂತಿದೆ. ಔಷಧಿಗೆ ಬಗ್ಗದ ಶಿಲೀಂಧ್ರ ಸಿಕ್ಕಾಗ ಪ್ರಯೋಗಾಲಯದವರು ಮೊದಲು ಹುಡುಕುವುದು ಡಿಎನ್‌ಎಯ ಅಕ್ಷರದಲ್ಲಿ ಎಲ್ಲಿ ಬದಲಾವಣೆ ಆಗಿದೆ ಅಂತ. ಅದಕ್ಕೂ ಮುನ್ನ ಮಾದರಿಯನ್ನು ಔಷಧಿ ಇಲ್ಲದ ತಟ್ಟೆಯಲ್ಲಿ ಚೆನ್ನಾಗಿ ಬೆಳೆಸಿಕೊಳ್ಳುತ್ತಾರೆ. ಅಷ್ಟು ಹೊತ್ತಿಗೆ ಬೀಗ ತಾನಾಗಿಯೇ ಕಳಚಿರಬಹುದು.